ಬೇಲೂರಿನಿಂದ ಐಗೂರಿಗೆ

ಹೊಯ್ಸಳರ ನಂತರ ಬೇಲೂರನ್ನು ಆಳಿದವರು ಯಾರೆಂದು ಕೇಳಿದರೆ ಅರಸೀಕೆರೆಯ ನನ್ನ ತರಗತಿ ಸುಮ್ಮನಾಗುತ್ತಿತ್ತು. ಪಾಠ ಮೂರನೇ ಬಲ್ಲಾಳನಲ್ಲಿ ಮುಗಿಯುತ್ತಿತ್ತು. ಆಮೇಲಿನ ನಾಯಕರ ಮನೆತನದ ಕಥೆಯನ್ನು ನಾನೇ ಹೇಳಬೇಕಿತ್ತು.

1524ರಲ್ಲಿ ವಿಜಯನಗರದ ಕೃಷ್ಣದೇವರಾಯ ಬೇಲೂರು ಸೇರಿದ್ದ ಬಲಂ ಸೀಮೆಯನ್ನು ತನ್ನ ಹಡಪದ, ಅಂದರೆ ವೀಳ್ಯದ ಚೀಲ ಹಿಡಿಯುವ, ಎರ ಕೃಷ್ಣಪ್ಪ ನಾಯಕನಿಗೆ ಕೊಟ್ಟ. ದೊರೆಗೆ ವೀಳ್ಯ ಕೊಡುವ ಕೈ ನಂಬಿಕೆಯ ಕೈಯಾಗಿರಲೇಬೇಕು. ಬೇಲೂರು ಅವನ ಮನೆತನದ ರಾಜಧಾನಿಯಾಯಿತು. ಕೃಷ್ಣಪ್ಪ, ವೆಂಕಟಾದ್ರಿ ಎಂಬ ಹೆಸರುಗಳೇ ಮತ್ತೆ ಮತ್ತೆ ಬರುವುದರಿಂದ ಮಕ್ಕಳು ಅಜ್ಜ ಮೊಮ್ಮಗರನ್ನು ಅದಲುಬದಲು ಮಾಡುತ್ತಿದ್ದರು.

ಹಳೇಬೀಡಿನ 1638ರ ಶಾಸನವನ್ನು ನಾನು ಬಿಡಿಸಿ ಹೇಳುತ್ತಿದ್ದೆ. ಅದು ವೆಂಕಟಾದ್ರಿ ನಾಯಕನ ಕಾಲದ್ದು. ಹುಚ್ಚಪ್ಪದೇವ ಎಂಬವನು ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬವನು ಅದನ್ನು ಅಳಿಸಿದ. ಜೈನರು ದೂರು ಕೊಂಡೊಯ್ದರು. ವೀರಶೈವ ಮಹಾಮಹತ್ತಿನವರು, ಅಂದರೆ ಅವರ ಹಿರಿಯರು, ಕೂಡಿ ತೀರ್ಮಾನಿಸಿದರು: ಮೊದಲು ವಿಭೂತಿ, ವೀಳ್ಯ ಸಲ್ಲಲಿ, ಆಮೇಲೆ ಜೈನರು ತಮ್ಮ ಪೂಜೆಯನ್ನು ಎಂದಿನಂತೆ ನಡೆಸಿಕೊಳ್ಳಲಿ. ಜೈನರಿಗೆ ಪೂರ್ತಿ ನ್ಯಾಯ ಸಿಕ್ಕಿತೆನ್ನಲಾರೆ. ಆದರೆ ಬಸದಿ ಉಳಿಯಿತು, ಒಪ್ಪಂದ ಕಲ್ಲಿನ ಮೇಲೆ ನಿಂತಿತು. ಆ ಆಳ್ವಿಕೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲೇ.

ವಿಜಯನಗರದ ಬಲ ಕುಗ್ಗಿದಾಗ ಇಕ್ಕೇರಿಯ ಶಿವಪ್ಪ ನಾಯಕ ಬೇಲೂರನ್ನು ಗೆದ್ದು, ನೆಲೆ ತಪ್ಪಿದ್ದ ಮೂರನೇ ಶ್ರೀರಂಗರಾಯನಿಗೆ ಅಲ್ಲಿ ಆಶ್ರಯ ಕೊಟ್ಟ. ಯಾವ ಸಿಂಹಾಸನ ಬೇಲೂರನ್ನು ದಾನ ಮಾಡಿತ್ತೋ ಅದರ ವಾರಸುದಾರನೇ ಅಲ್ಲಿ ಆಶ್ರಿತನಾಗಿ ಬಂದ. ದಾನ ಪಡೆದವರ ವಂಶ ಮಲೆನಾಡಿಗೆ ಸರಿಯಿತು. ಮುಂದೆ ಮೈಸೂರಿಗೂ ಇಕ್ಕೇರಿಗೂ ಆದ ಒಪ್ಪಂದದಲ್ಲಿ, ನಂತರ ಮಂಜರಾಬಾದ್ ಎನಿಸಿಕೊಂಡ ಕಡೆಯ ಆರು ನಾಡುಗಳಷ್ಟೇ ಅವರಿಗೆ ದಕ್ಕಿದವು.

ಟಿಪ್ಪುವಿನ ಮೇಲೆ ಯುದ್ಧ ನಡೆದಾಗ ಆ ವಂಶದ ಇನ್ನೊಬ್ಬ ಕೃಷ್ಣಪ್ಪ ನಾಯಕ ಪರಶುರಾಮ ಭಾವುವಿನ ಮರಾಠಾ ಸೈನ್ಯ ಸೇರಿದ. 1792ರಲ್ಲಿ ಸಂಧಿಯಾಯಿತು, ಅವನು ಟಿಪ್ಪುವಿಗೆ ಹೆದರಿ ಕೊಡಗಿಗೆ ಓಡಿದ. ಟಿಪ್ಪುವೇ ಕರೆಸಿ ಐಗೂರು ಸೀಮೆ ಕೊಟ್ಟ. ಆ ಕೃಷ್ಣಪ್ಪನ ಮಗ ಇನ್ನೊಬ್ಬ ವೆಂಕಟಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ ಬಗ್ಗಲಿಲ್ಲ.

1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ, ಅರಕೆರೆಯ ಕಾಡುಕೋಟೆಯ ಮೇಲೆ ಬಿದ್ದ. ಫೆಬ್ರವರಿಯಲ್ಲಿ ವೆಂಕಟಾದ್ರಿ ಸೆರೆಸಿಕ್ಕ, ಅವನನ್ನು ಗಲ್ಲಿಗೇರಿಸಿದರು. ಇಂಗ್ಲಿಷರಿಗೆ ಅವನು ದಂಗೆಕೋರ. ಮಕ್ಕಳಿಗೆ ನಾನು ಹಾಗೆ ಕಲಿಸಲಿಲ್ಲ. ಬೇಲೂರು ಹೋಗಿ, ಬಲಂ ಹೋಗಿ, ಮನೆತನಕ್ಕೆ ಉಳಿದಿದ್ದ ಕಡೆಯ ತುಂಡು ನೆಲಕ್ಕಾಗಿ ನಿಂತವನು ಅವನು ಎಂದೇ ಹೇಳಿದೆ. ಅವನ ನಂತರ ಸೈನ್ಯ ಆ ಕಾಡು ಕಡಿಸಿ ದಾರಿ ತೆಗೆಯಿತು, ಹಳ್ಳಿಗಳ ಕೋಟೆ ಕೆಡವಿತು, ಊರವರ ಆಯುಧಗಳನ್ನು ಕಿತ್ತುಕೊಂಡಿತು.