ವಿಮಾಪತ್ರದ ಅಕ್ಷರವೂ ಬಾಳೂರಿನ ಮಳೆಯೂ

ಬಾಳೂರಿನ ತೋಟಗಳಲ್ಲಿ ಸುಗ್ಗಿಯ ಕಾಲಕ್ಕೆ ಕಣದ ತುಂಬ ಹರಡುವ ಕಾಫಿಗೂ, ಬೆಂಕಿಯಿಂದಲೋ ಕಳವಿನಿಂದಲೋ ಒದಗುವ ನಷ್ಟವನ್ನು ಹಣದಿಂದ ತುಂಬಿಕೊಡುವೆನೆಂದು ಮಾತುಕೊಡುವ ವಿಮಾಪತ್ರಕ್ಕೂ ಇರುವ ನಂಟು ಬಹು ಹಳೆಯದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿಯಂಗಡಿಯಲ್ಲಿ ಹಡಗಿನ ಒಡೆಯರೂ ವರ್ತಕರೂ ಕಲೆತು, ಕಡಲಿನ ಅಪಾಯವನ್ನು ತಮ್ಮೊಳಗೆ ಹಂಚಿಕೊಳ್ಳತೊಡಗಿದುದರಿಂದಲೇ ವಿಮಾವ್ಯವಹಾರದ ಒಂದು ಹಿರಿಯ ಕವಲು ಬೆಳೆದುಬಂದಿತು.

ಆದರೆ ವಿಮೆ ಮಾಡಿಸಿದವನ ಪರವಾಗಿ ವಾದಿಸುವ ವಕೀಲನ ಕಥೆಗೆ ನಾನು ಆದಿಯೆಂದು ಎಣಿಸುವುದು 1766ರ ಒಂದು ತೀರ್ಪನ್ನು. ಸುಮಾತ್ರದ ಬೆಂಕೂಲೆನ್ನಿನಲ್ಲಿದ್ದ ಮಾರ್ಲ್‌ಬರೋ ಕೋಟೆಯ ಗವರ್ನರನಾದ ಕಾರ್ಟರನು ಆ ಕೋಟೆ ಶತ್ರುವಶವಾದರೆ ತನಗೆ ಪರಿಹಾರ ದೊರೆಯುವಂತೆ ವಿಮೆ ಮಾಡಿಸಿದ್ದನು. 1760ರಲ್ಲಿ ಫ್ರೆಂಚರು ಅದನ್ನು ಹಿಡಿದುಕೊಂಡಾಗ, ಕೋಟೆಯ ದೌರ್ಬಲ್ಯವನ್ನು ಆತನು ಮುಚ್ಚಿಟ್ಟನೆಂದು ವಿಮೆಗಾರನು ತಕರಾರು ತೆಗೆದನು. ನ್ಯಾಯಾಧೀಶನಾದ ಲಾರ್ಡ್ ಮ್ಯಾನ್ಸ್‌ಫೀಲ್ಡನು, ಏನನ್ನೂ ಮುಚ್ಚಿಡದ ಪರಮ ಸದ್ಭಾವವು ಉಭಯರಿಗೂ ಸಮಾನ ಕರ್ತವ್ಯವೆಂದೂ, ವಿಮೆಗಾರನು ತಾನೇ ಅರಿತಿದ್ದ ಅಥವಾ ಅರಿಯಬೇಕಾಗಿದ್ದ ಸಂಗತಿಯನ್ನು ಹೇಳಲಿಲ್ಲವೆಂದು ದೂರಲಾಗದೆಂದೂ ಸಾರಿದನು, ಗೆಲುವು ಕಾರ್ಟರನದಾಯಿತು. ಆ ತೀರ್ಪಿನ ಮೊದಲರ್ಧವನ್ನು ಮಾತ್ರ ಹಿಡಿದು ವಿಮೆ ಮಾಡಿಸಿದವನನ್ನೇ ತಪ್ಪಿತಸ್ಥನನ್ನಾಗಿ ನಿಲ್ಲಿಸುವ ವಾಡಿಕೆ ಮುಂದೆ ಬೆಳೆದುದು ನನಗೆ ತೀರ ಅನ್ಯಾಯವೆಂದು ತೋರುತ್ತದೆ.

ನಮ್ಮ ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ 1891ರಲ್ಲಿಯೇ ಜೀವವಿಮೆಯ ಇಲಾಖೆಯನ್ನು ಸ್ಥಾಪಿಸಿತು. ಮೇಲೆ ಹೇಳಿದ ವಾಡಿಕೆಗೆ ತಡೆಯಾಗಿ 1938ರ ವಿಮಾ ಕಾಯಿದೆಯ 45ನೆಯ ಕಲಮು, ತನ್ನ ಮೂಲ ರೂಪದಲ್ಲಿ, ಎರಡು ವರ್ಷ ಕಳೆದ ಜೀವವಿಮೆಯನ್ನು ಸಣ್ಣಪುಟ್ಟ ತಪ್ಪು ಹೇಳಿಕೆಯ ನೆವದಿಂದ ತಳ್ಳಿಹಾಕದಂತೆ ಕಟ್ಟುಮಾಡಿತು. ಗಂಗೆಯ ದಂಡೆಯ ಮನೆಗಳ ವಿಮೆಯ ವ್ಯಾಜ್ಯದಲ್ಲಿ, 1966ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಪನಿಯ ಪರವಾಗಿಯೇ ತೀರ್ಪಿತ್ತರೂ, ವಿಮಾಪತ್ರದ ಮಾತು ಸಂದಿಗ್ಧವಾದರೆ ಅದನ್ನು ಬರೆದ ಕಂಪನಿಗೆ ಪ್ರತಿಕೂಲವಾಗಿಯೇ ಅರ್ಥೈಸಬೇಕೆಂದಿತು. ಸೋತ ಮೊಕದ್ದಮೆಯಿಂದ ದೊರೆತ ಈ ಸೂತ್ರವೇ ವಿಮೆ ಮಾಡಿಸಿದವನ ವಕೀಲನಿಗೆ ಇಂದಿಗೂ ಊರುಗೋಲು.

ಬಾಳೂರಿನ ಈ ಕಾಫಿಯ ಮಲೆಗಳಲ್ಲಿ ಇಂಥ ವ್ಯಾಜ್ಯದ ಅಗತ್ಯ ತಡವಾಗಿ ತೋರಿತೆಂದು ನನ್ನ ಊಹೆ. 1940ರ ದಶಕದಿಂದ 1990ರ ದಶಕದವರೆಗೆ ಬೆಳೆಗಾರನು ಫಸಲನ್ನು ಕಾಫಿ ಮಂಡಲಿಯ ಒಟ್ಟು ಸಂಗ್ರಹಕ್ಕೆ, ಅಂದರೆ ಪೂಲಿಗೆ, ಒಪ್ಪಿಸುತ್ತಿದ್ದನು. ಮಾರಾಟದ ಹೊಣೆ ಮಂಡಲಿಯದು. ಪೂಲು ಮುಗಿದ ಬಳಿಕ ಗೋದಾಮಿನ ಮೂಟೆಯೂ ದಾರಿಯ ಲಾರಿಯೂ ಅವನವೇ ಆದುವು, ಅಪಾಯವೂ ಅವನದೇ ಆಯಿತು. ವ್ಯಾಪಾರಸಂಸ್ಥೆಯು ತನ್ನ ನಷ್ಟಭರ್ತಿಗಾಗಿ ಮಾಡಿಸಿದ ವಿಮೆ ಲಾಭದ ಉದ್ದೇಶದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಹೇಳಿದುದರಿಂದ, ಗ್ರಾಹಕ ನ್ಯಾಯದ ಬಾಗಿಲು ಅಂಥವರಿಗೂ ತೆರೆದಿದೆ.

ಮುಂದೆ ಮಳೆಗೂ ವಿಮೆ ಬಂದಿತು. ಕಾಫಿಯ ಹೂವರಳಿಸುವ ಹೂಮಳೆ ತಪ್ಪಿದರೆ, ಮುಂಗಾರು ಮಿತಿಮೀರಿದರೆ, ವಿಮಾಪತ್ರದಲ್ಲಿ ಹೆಸರಿಸಿದ ಮಳೆಮಾಪಕದ ಅಳತೆಯಂತೆ ಪರಿಹಾರ. ಬಾಳೂರಿನ ಸೀಮೆಯಲ್ಲಿ ಒಂದು ಗುಡ್ಡದ ಮಳೆ ಮತ್ತೊಂದರಲ್ಲಿಲ್ಲ. ತೋಟದವರು ಮಳೆಯ ಇಂಚು, ಸೆಂಟುಗಳ (ಇಂಚಿನ ನೂರನೆಯ ಪಾಲುಗಳ) ಲೆಕ್ಕವನ್ನು ದಿನದಿನವೂ ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಪುಸ್ತಕವನ್ನು ಕಂಕುಳಲ್ಲಿಟ್ಟು ಬಂದವರನ್ನು ವಕೀಲನು ಮೊದಲು ಕೇಳಬೇಕಾದುದು, ವಿಮಾಪತ್ರದಲ್ಲಿ ಯಾವ ಊರಿನ ಮಳೆಮಾಪಕದ ಹೆಸರಿದೆಯೆಂಬುದನ್ನು.