‘ಚೆಕ್’ ಎಂಬ ದೊರೆ

ಇಂಗ್ಲಿಷಿನ ‘ಚೆಕ್’ ಪದದ ಬುಡದಲ್ಲಿ ಒಬ್ಬ ದೊರೆ ಕೂತಿದ್ದಾನೆ. ಪರ್ಷಿಯನ್ ಭಾಷೆಯಲ್ಲಿ ಅವನ ಹೆಸರು ‘ಶಾಹ್’, ಅಂದರೆ ಅರಸ. ಬ್ಯಾಂಕಿನ ಚೆಕ್ಕು, ಅಂಗಿಬಟ್ಟೆಯ ಚೆಕ್ಸು, ಗಡಿಯ ಚೆಕ್‌ಪೋಸ್ಟು, ಆಸ್ಪತ್ರೆಯ ಚೆಕಪ್ಪು, ನಡುದಾರಿಯಲ್ಲಿ ಬಸ್ಸು ಹತ್ತುವ ಚೆಕಿಂಗ್‌ನವರು, ಇವರೆಲ್ಲರ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಚದುರಂಗದ ಮಣೆಯ ಮೇಲೆ ಇಕ್ಕಟ್ಟಿಗೆ ಸಿಲುಕಿದ ಆ ಅರಸನೇ.

ಆಟ ಹುಟ್ಟಿದ್ದು ಭಾರತದಲ್ಲಿ. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದ ಅದಕ್ಕೆ ‘ಚತುರಂಗ’ ಎಂಬ ಹೆಸರು. 7ನೆಯ ಶತಮಾನದ ಬಾಣಭಟ್ಟ ‘ಹರ್ಷಚರಿತ’ದಲ್ಲಿ ಅದನ್ನು ಹೆಸರಿಸಿದ್ದಾನೆ. ಪರ್ಷಿಯಕ್ಕೆ ಹೋದ ಆಟ ‘ಚತ್ರಂಗ್’ ಆಯಿತು. ‘ಚ’ವೂ ‘ಗ’ವೂ ಇಲ್ಲದ ಅರಬ್ಬಿಯಲ್ಲಿ ಅದೇ ‘ಶತ್ರಂಜ್’. ಎದುರಾಳಿಯ ಅರಸನ ಮೇಲೆ ಕಾಯಿ ನುಗ್ಗಿದಾಗ ‘ಶಾಹ್’ ಎಂದು ಕೂಗಿ ಎಚ್ಚರಿಸುವುದು ಪರ್ಷಿಯನ್ನರ ರೂಢಿ. ಇನ್ನು ದಾರಿಯೇ ಇಲ್ಲ ಎಂದಾಗ ‘ಶಾಹ್ ಮಾತ್’. ಇಂದಿನ ‘ಚೆಕ್‌ಮೇಟ್’ ಇದೇ. ‘ಮಾತ’ ಎಂದರೆ ಅರಬ್ಬಿಯಲ್ಲಿ ‘ಸತ್ತ’ ಎಂದರ್ಥ. ಪರ್ಷಿಯನ್ನಿನ ‘ಮಾತ್’ಗೆ ದಿಕ್ಕುಗೆಟ್ಟವ, ಅಸಹಾಯಕ ಎಂಬ ಅರ್ಥಗಳಿವೆ. ಆಟಕ್ಕೆ ಒಪ್ಪುವುದು ಎರಡನೆಯದೇ. ಚದುರಂಗದಲ್ಲಿ ಅರಸನನ್ನು ಯಾರೂ ಕೊಲ್ಲುವುದಿಲ್ಲ, ಅಲುಗದಂತೆ ಕಟ್ಟಿಹಾಕುತ್ತಾರೆ ಅಷ್ಟೆ.

ಅರಬ್ಬರಿಂದ ಆಟ ಯುರೋಪಿಗೆ ದಾಟಿತು. ‘ಶಾಹ್’ ಲ್ಯಾಟಿನ್ನಿನಲ್ಲಿ ‘ಸ್ಕಾಕ್ಕಸ್’, ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಆದ. ಈ ಫ್ರೆಂಚ್ ಪದದ ಏಕವಚನ ಇಂಗ್ಲಿಷಿಗೆ ಬಂದು ‘ಚೆಕ್’ ಆಯಿತು, ಬಹುವಚನ ‘ಚೆಸ್’ ಆಯಿತು. ಆಟದ ಮಣೆಗೆ ಫ್ರೆಂಚರು ‘ಎಶೆಕಿಯೆ’ ಎನ್ನುತ್ತಿದ್ದರು. ಆ ಮಣೆ ಇಂಗ್ಲೆಂಡಿನಲ್ಲಿ ಸರ್ಕಾರಿ ಕಚೇರಿಯನ್ನೇ ಹೊಕ್ಕಿತು.

12ನೆಯ ಶತಮಾನದ ಇಂಗ್ಲೆಂಡಿನಲ್ಲಿ ಲೆಕ್ಕಕ್ಕೆ ಇದ್ದದ್ದು ರೋಮನ್ ಅಂಕಿಗಳು. ಅವನ್ನು ಬರೆದಿಡಬಹುದು, ಕೂಡಿ ಕಳೆಯುವುದು ಪಡಿಪಾಟಲು. ಹಾಗಾಗಿ ರಾಜನ ಲೆಕ್ಕಿಗರು ಬಟ್ಟೆಯ ಮೇಲೆ ಬಿಲ್ಲೆ ಜೋಡಿಸಿ ಲೆಕ್ಕ ಮಾಡುತ್ತಿದ್ದರು. ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ 1170ರ ದಶಕದ ಕೊನೆಗೆ ಬರೆಯತೊಡಗಿದ ಸಂವಾದ ಗ್ರಂಥದಲ್ಲಿ ಅದರ ವರ್ಣನೆ ಇದೆ. ಮೇಜು ಹತ್ತು ಅಡಿ ಉದ್ದ, ಐದು ಅಡಿ ಅಗಲ. ಬಿಲ್ಲೆಗಳು ಉರುಳಿಹೋಗದಂತೆ ಸುತ್ತ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಒಂದು ಕಂಬಸಾಲು ಪೆನ್ನಿ ನಾಣ್ಯಕ್ಕೆ, ಪಕ್ಕದ್ದು ಶಿಲಿಂಗಿಗೆ, ಮುಂದಿನದು ಪೌಂಡಿಗೆ, ಆಮೇಲೆ ಇಪ್ಪತ್ತರ, ನೂರರ, ಸಾವಿರದ ಸಾಲುಗಳು. ಈಸ್ಟರಿಗೊಮ್ಮೆ, ಮಿಕೆಲ್ಮಸ್ ಹಬ್ಬಕ್ಕೊಮ್ಮೆ ಸೀಮೆಯ ಷೆರೀಫ್ ಕಂದಾಯದ ಲೆಕ್ಕ ಒಪ್ಪಿಸಲು ಬರಬೇಕಿತ್ತು. ಅವನು ಕಟ್ಟಬೇಕಾದ ಮೊತ್ತ ಮೇಲೆ, ಕಟ್ಟಿದ ಮೊತ್ತ ಕೆಳಗೆ. ಓದು ಬಾರದವನಿಗೂ ಬಾಕಿ ಕಣ್ಣಿಗೆ ಹೊಡೆಯುತ್ತಿತ್ತು. ಖಜಾಂಚಿಗೂ ಷೆರೀಫನಿಗೂ ಇಲ್ಲಿ ನಡೆಯುವುದು ಚದುರಂಗದ ಕಾಳಗವೇ ಎಂಬ ಹೋಲಿಕೆ ಫಿಟ್ಸ್‌ನೀಲನದೇ. ಚದುರಂಗದ ಮಣೆಯಂತೆ ಕಾಣುತ್ತಿದ್ದ ಆ ಬಟ್ಟೆಯ ಹೆಸರು ಕಚೇರಿಗೂ ಅಂಟಿ ‘ಎಕ್ಸ್‌ಚೆಕರ್’ ಆಯಿತು. ಬ್ರಿಟನ್ನಿನ ಹಣಕಾಸು ಸಚಿವರಿಗೆ ಈಗಲೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’ ಎಂದೇ ಹೆಸರು. ಕರ್ನಾಟಕದ ಅಳಿಯ ಋಷಿ ಸುನಕ್ 2020ರಿಂದ 2022ರವರೆಗೆ ಕೂತಿದ್ದು ಈ ಚದುರಂಗದ ಮಣೆಯ ಹೆಸರಿನ ಹುದ್ದೆಯಲ್ಲೇ.

ಮಣೆಯ ಚೌಕಗಳಿಂದ ಬಟ್ಟೆಯ ‘ಚೆಕ್ಸ್’ ಬಂತು. ಕನ್ನಡ ನೇಕಾರರಿಗೆ ಈ ಪದದ ಹಂಗಿರಲಿಲ್ಲ. ಅವರಿಗೆ ‘ಚೌಕಳಿ’ ಇತ್ತು.

ಆಟದಲ್ಲಿ ಅರಸನ ನಡೆ ತಡೆಯುವ ‘ಚೆಕ್’ ಹೊರಗಿನ ಬದುಕಿನಲ್ಲಿ ಯಾವುದೇ ತಡೆಗೆ ಸಲ್ಲತೊಡಗಿತು. ತಡೆದು ನಿಲ್ಲಿಸಿದವನು ಸುಮ್ಮನೆ ಬಿಡುತ್ತಾನೆಯೇ? ಪರೀಕ್ಷಿಸುತ್ತಾನೆ. ಹೀಗೆ ‘ತಾಳೆ ನೋಡು’ ಎಂಬ ಅರ್ಥವೂ ಕೂಡಿಕೊಂಡಿತು. ಹಣದ ಪತ್ರಗಳಲ್ಲಿ ಮೋಸ ಹಿಡಿಯಲು ಉಳಿಸಿಕೊಳ್ಳುವ ಅರ್ಧಹಾಳೆಗೆ 18ನೆಯ ಶತಮಾನದ ಆರಂಭದಲ್ಲಿ ‘ಚೆಕ್’ ಎಂಬ ಹೆಸರಿತ್ತು. ಕ್ರಮೇಣ ಹೆಸರು ಅರ್ಧಹಾಳೆಯನ್ನು ಬಿಟ್ಟು ಹಣದ ಪತ್ರಕ್ಕೇ ಹತ್ತಿತು. ‘ಎಕ್ಸ್‌ಚೆಕರ್’ನ ಪ್ರಭಾವದಿಂದ ಬ್ರಿಟಿಷರು ಅದರ ಕಾಗುಣಿತ ಬದಲಿಸಿದರು, ಅಮೆರಿಕನ್ನರು ಹಳೆಯದನ್ನೇ ಉಳಿಸಿಕೊಂಡರು. ಅರಬ್ ವರ್ತಕರ ‘ಸಕ್ಕ್’ ಎಂಬ ಹಣದ ಪತ್ರದಿಂದಲೇ ಬ್ಯಾಂಕಿನ ಚೆಕ್ ಹುಟ್ಟಿತು ಎಂಬ ಮಾತೂ ಚಾಲ್ತಿಯಲ್ಲಿದೆ. ಸಕ್ಕ್ ಇದ್ದದ್ದು ನಿಜ. ಆದರೆ ಇಂಗ್ಲಿಷ್ ಪದದ ಈ ನಡೆಯನ್ನು ನೋಡಿದರೆ ಅದು ಬರಿಯ ಉಚ್ಚಾರದ ಹೋಲಿಕೆ ಎನ್ನಬೇಕಾಗುತ್ತದೆ.

ಭಾರತದಲ್ಲಿ ಬ್ಯಾಂಕಿನ ಚೆಕ್ಕಿಗೆ ಕಾನೂನಿನ ವ್ಯಾಖ್ಯೆ ಕೊಟ್ಟದ್ದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸಾದರೆ ಅಪರಾಧ ಎಂಬ 138ನೆಯ ಕಲಮು ಜಾರಿಯಾದದ್ದು 1989ರ ಏಪ್ರಿಲ್ 1ರಂದು. ‘ಚೆಕ್ ಬೌನ್ಸ್ ಕೇಸು’ ಅಲ್ಲಿಂದ ಮನೆಮಾತಾಯಿತು.

ಇಂಗ್ಲಿಷಿನವರು ಕಾಗುಣಿತದಿಂದ ಬೇರ್ಪಡಿಸಿದ ಎರಡು ಪದಗಳನ್ನು ಕನ್ನಡ ಮತ್ತೆ ಒಂದುಮಾಡಿದೆ. ‘ಚೆಕ್ ಚೆಕ್ ಮಾಡಿದ್ರಾ?’ ಎಂದು ಗುಮಾಸ್ತ ಕೇಳಿದರೆ ಯಾರೂ ಗೊಂದಲಗೊಳ್ಳುವುದಿಲ್ಲ. ‘ಭಿನ್ನಮತೀಯರಿಗೆ ಚೆಕ್’ ಎಂದು ಪತ್ರಿಕೆಗಳು ತಲೆಬರಹ ಕೊಡುವಾಗ ಪದ ಮತ್ತೆ ಚದುರಂಗದ ಮಣೆಗೇ ಮರಳುತ್ತದೆ. ತಡೆ ಮತ್ತು ತಪಾಸಣೆ, ಎರಡೂ ಅರ್ಥ ಒಟ್ಟಿಗೆ ಉಳಿದಿರುವುದು ಚೆಕ್‌ಪೋಸ್ಟಿನಲ್ಲಿ. ಬಂಡೀಪುರದ ಕಾಡು ಹಾಯುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. 9 ಗಂಟೆಗೆ ಅಡ್ಡಗಂಬ ಇಳಿದರೆ ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ಹೊರತು ಬೆಳಿಗ್ಗೆ 6ರವರೆಗೆ ಅದು ಏಳುವುದಿಲ್ಲ.