ಹಲ್ಲಿ, ವಾರಂಟಿ ಮತ್ತು ನೂರು ಪೌಂಡ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಇತಿಹಾಸ ಯಾವ ರಾಜನದ್ದೂ ಅಲ್ಲ. ಒಂದು ಹಲ್ಲಿಯಿಂದ ಶುರುವಾಗುತ್ತೆ.

ಹೋದ ಮಳೆಗಾಲದಲ್ಲಿ ತಿಪಟೂರಿನ ನಮ್ಮ ಮನೆಯ ವಾಷಿಂಗ್ ಮಷೀನ್ ಕೆಟ್ಟು ನಿಂತಿತು. ತಂದು ಹನ್ನೊಂದು ತಿಂಗಳಾಗಿತ್ತು, ವಾರಂಟಿ ಇದ್ದದ್ದು ಎರಡು ವರ್ಷ. ಅಮ್ಮ ನಿಶ್ಚಿಂತೆಯಿಂದ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರು. ಮೂರು ದಿನ ಬಿಟ್ಟು ಸರ್ವಿಸ್ ಹುಡುಗ ಬಂದ, ಹಿಂದಿನ ಮುಚ್ಚಳ ಬಿಚ್ಚಿದ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದ. "ಆಂಟಿ, ಬೋರ್ಡ್ ಹೋಗಿದೆ. ಹಲ್ಲಿ ಒಳಗೆ ನುಗ್ಗಿ ಶಾರ್ಟ್ ಆಗಿದೆ. ಇದು ವಾರಂಟೀಲಿ ಬರಲ್ಲ. 6,800 ಆಗುತ್ತೆ" ಅಂದ. ಅಮ್ಮ ಕೇಳಿದ್ದು ಒಂದೇ ಮಾತು: "ಹಲ್ಲಿ ಎಲ್ಲಪ್ಪ?"

ಹಲ್ಲಿ ಎಲ್ಲೂ ಇರಲಿಲ್ಲ. ಆದರೆ ಕಾರ್ಡಿನ ಹಿಂದೆ, ಭೂತಗನ್ನಡಿ ಹಿಡಿದರೆ ಕಾಣುವ ಅಕ್ಷರದಲ್ಲಿ, ಇಲಿ, ಜಿರಳೆ, ಹಲ್ಲಿಯಿಂದ ಆದ ಹಾನಿಗೆ ಕಂಪನಿ ಹೊಣೆಯಲ್ಲ ಅಂತ ಇತ್ತು. ಅಪ್ಪ ಹೋದ ಮೇಲೆ ಅಮ್ಮನಿಗೆ ಬರೋದು ಫ್ಯಾಮಿಲಿ ಪೆನ್ಷನ್. ಅದರಲ್ಲಿ 6,800 ರೂಪಾಯಿ ಅಂದ್ರೆ ಅರ್ಧ ತಿಂಗಳ ಖರ್ಚು.

ಆ ವಾರದ ಕೊನೆಗೆ ನಾನು ಊರಿಗೆ ಹೋದಾಗ ಅಮ್ಮ ಬೀರುವಿನಿಂದ ಹಳೇ ಬಿಸ್ಕತ್ ಡಬ್ಬಿ ತೆಗೆದರು. ಮನೆಗೆ ಬಂದ ಒಂದೊಂದು ವಸ್ತುವಿನ ಕಾಗದವೂ ಅದರಲ್ಲಿದೆ. ಮಿಕ್ಸಿ, ಫ್ಯಾನು, ಪೋರ್ಟಬಲ್ ಟಿವಿ, ಎಲ್ಲದಕ್ಕಿಂತ ಕೆಳಗೆ ಅಪ್ಪನ ಎಚ್‌ಎಂಟಿ ವಾಚಿನ ಕಾರ್ಡು. ಎಚ್‌ಎಂಟಿ ನಮ್ಮ ಬೆಂಗಳೂರಲ್ಲೇ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚ್ ಮಾಡೋಕೆ ಶುರು ಮಾಡಿದ್ದು. ಆ ಕಾರ್ಡಿನ ಮೇಲೆ ‘ಗ್ಯಾರಂಟಿ’ ಅಂತಿದೆ, ವಾಷಿಂಗ್ ಮಷೀನಿನದರ ಮೇಲೆ ‘ವಾರಂಟಿ’. ಎರಡೂ ಹಳೇ ಫ್ರೆಂಚ್‌ನ ಒಂದೇ ಪದದಿಂದ ಬಂದ ಅವಳಿ ಮಕ್ಕಳು. ಅಂಗಡಿಯವರು ಮಾತ್ರ ಗ್ಯಾರಂಟಿ ಅಂದ್ರೆ ಬದಲಿಸಿ ಕೊಡೋದು, ವಾರಂಟಿ ಅಂದ್ರೆ ರಿಪೇರಿ ಮಾಡಿಕೊಡೋದು ಅಂತ ಬಿಡಿಸಿ ಹೇಳ್ತಾರೆ. ಅದು ವ್ಯಾಪಾರದ ರೂಢಿಯ ಮಾತು. ಕಾನೂನಿನ ವ್ಯತ್ಯಾಸ ಬೇರೆ ಕಡೆ ಇದೆ, ಅಲ್ಲಿಗೆ ಬರ್ತೀನಿ.

ಬಿ.ಕಾಂ. ಓದಿದವರಿಗೆ ಬಿಸಿನೆಸ್ ಲಾ ಪೇಪರ್ ನೆನಪಿರಬೇಕು. ಎಲ್ಲರೂ ಐದು ಮಾರ್ಕ್ಸಿಗೆ ಬಾಯಿಪಾಠ ಹೊಡೆದ ಕೇಸು: ಕಾರ್ಲಿಲ್ ವರ್ಸಸ್ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ. ನಾನೂ ಹೊಡೆದಿದ್ದೆ, ಪರೀಕ್ಷೆ ಮುಗಿದ ಸಂಜೆಯೇ ಮರೆತಿದ್ದೆ. ಡಬ್ಬಿ ಮುಂದಿಟ್ಟುಕೊಂಡು ಕೂತಾಗ ಮತ್ತೆ ಓದಿದೆ.

ಲಂಡನ್, 1891. ಇನ್‌ಫ್ಲುಯೆಂಜಾ ಹಬ್ಬಿದ್ದ ಕಾಲ. ಒಂದು ಕಂಪನಿ ರಬ್ಬರಿನ ಚೆಂಡೊಳಗೆ ಕಾರ್ಬಾಲಿಕ್ ಆಸಿಡ್ ಪುಡಿ ತುಂಬಿ, ಒತ್ತಿ ಮೂಗಿಗೆ ಎಳೆದುಕೊಳ್ಳಿ, ಜ್ವರ ಬರಲ್ಲ ಅಂತ ಮಾರುತ್ತಿತ್ತು. ನವೆಂಬರ್ 13ರ ಜಾಹೀರಾತಿನಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಹೇಳಿದ ರೀತಿ ದಿನಕ್ಕೆ ಮೂರು ಸಲ, ಎರಡು ವಾರ ಬಳಸಿದ ಮೇಲೂ ಜ್ವರ ಬಂದರೆ 100 ಪೌಂಡ್ ಕೊಡ್ತೀವಿ. ನಂಬಿಕೆಗಾಗಿ 1,000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿದ್ದೀವಿ ಅಂತ. ಲೂಯಿಸಾ ಕಾರ್ಲಿಲ್ ಅನ್ನೋ ಹೆಂಗಸು ಔಷಧಿ ಅಂಗಡಿಯಲ್ಲಿ ಒಂದು ಚೆಂಡು ಕೊಂಡು ಸುಮಾರು ಎರಡು ತಿಂಗಳು ತಪ್ಪದೆ ಬಳಸಿದರು. 1892ರ ಜನವರಿಯಲ್ಲಿ ಜ್ವರ ಬಂತು. ದುಡ್ಡು ಕೇಳಿದರು.

ಕಂಪನಿಯ ಉತ್ತರ ಇವತ್ತಿನ ಕಸ್ಟಮರ್ ಕೇರ್ ಸ್ಕ್ರಿಪ್ಟಿಗೂ ಹೊಂದುತ್ತೆ. ಅದು ಬರೀ ಜಾಹೀರಾತಿನ ಮಾತು, ಯಾರೂ ನಿಜ ಅಂತ ತಗೋಬಾರದು. ನೀವು ಬಳಸಲು ಶುರು ಮಾಡಿದ್ದನ್ನು ನಮಗೆ ತಿಳಿಸಲೇ ಇಲ್ಲ. ಇಡೀ ಜಗತ್ತಿನ ಜೊತೆ ಯಾರಾದರೂ ಒಪ್ಪಂದ ಮಾಡಿಕೊಳ್ಳೋಕಾಗುತ್ತಾ? ಕೋರ್ಟ್ ಆಫ್ ಅಪೀಲ್ ಒಂದನ್ನೂ ಒಪ್ಪಲಿಲ್ಲ. ಬ್ಯಾಂಕಿನಲ್ಲಿ ಸಾವಿರ ಪೌಂಡ್ ಇಟ್ಟು ಹೇಳಿದ್ದು ತಮಾಷೆಗಲ್ಲ ತಾನೇ, ಕೊಡಿ ಅಂತು.

ಪರೀಕ್ಷೆಗೆ ಓದುವಾಗ ನನ್ನ ಕಣ್ಣಿಗೆ ಬೀಳದ ಒಂದು ಸಂಗತಿ ಇಲ್ಲಿದೆ. ಆಕೆ ಚೆಂಡು ಕೊಂಡಿದ್ದು ಕಂಪನಿಯಿಂದಲ್ಲ, ಔಷಧಿ ಅಂಗಡಿಯಿಂದ. ದುಡ್ಡು ಹೋಗಿದ್ದು ಅಂಗಡಿಯವನಿಗೆ, ಮಾತು ಕೊಟ್ಟಿದ್ದು ಕಂಪನಿ. ತಯಾರಕ ಕೊಟ್ಟ ಮಾತನ್ನು ಅಂಗಡಿಯವನ ತಲೆ ಮೇಲೆ ದಾಟಿ ಹೋಗಿ ಕೇಳಬಹುದು ಅನ್ನೋದು ಅಲ್ಲಿ ಗಟ್ಟಿಯಾಯಿತು. ನಮ್ಮ ಕೈಲಿರುವ ವಾರಂಟಿ ಕಾರ್ಡಿನ ಲೆಕ್ಕವೂ ಇದೇ.

ಈಗ ನಮ್ಮ ದೇಶಕ್ಕೆ ಬರೋಣ. ಮಾರಾಟದ ನಿಯಮಗಳು ಮೊದಲು 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ ಒಳಗೇ ಇದ್ದವು. ಬ್ರಿಟಿಷರು ಅದನ್ನು ಬೇರೆ ಮಾಡಿ, ತಮ್ಮ 1893ರ ಕಾಯ್ದೆಯ ಮಾದರಿಯಲ್ಲಿ ಸರಕು ಮಾರಾಟ ಕಾಯ್ದೆ ತಂದರು. ಜಾರಿಯಾದದ್ದು 1930ರ ಜುಲೈ 1ಕ್ಕೆ. ಇವತ್ತಿಗೂ ಅದೇ ಕಾಯ್ದೆ. ಅದರ 12ನೇ ಸೆಕ್ಷನ್ ಎರಡು ಪದಗಳನ್ನು ಬೇರೆ ಮಾಡುತ್ತೆ: ಕಂಡಿಷನ್ ಮತ್ತು ವಾರಂಟಿ. ಕಂಡಿಷನ್ ಅಂದ್ರೆ ವ್ಯಾಪಾರದ ಮುಖ್ಯ ಷರತ್ತು, ಅದು ಮುರಿದರೆ ವಸ್ತುವನ್ನೇ ವಾಪಸ್ ಮಾಡಬಹುದು. ವಾರಂಟಿ ಅಂದ್ರೆ ಪಕ್ಕದ ಷರತ್ತು, ಮುರಿದರೆ ನಷ್ಟ ಪರಿಹಾರ ಅಷ್ಟೇ, ವಸ್ತು ನಿಮ್ಮ ಹತ್ತಿರವೇ ಇರುತ್ತೆ. ಅಂಗಡಿಯಲ್ಲಿ ಎದೆ ತಟ್ಟಿ ಹೇಳುವ ಪದ ಕಾನೂನಿನ ಪುಸ್ತಕದಲ್ಲಿ ಎರಡನೇ ದರ್ಜೆಯದ್ದು! ಜೊತೆಗೆ, ವಸ್ತುವನ್ನು ನೀವು ಒಮ್ಮೆ ಸ್ವೀಕರಿಸಿಬಿಟ್ಟರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮುರಿದ ಕಂಡಿಷನ್ ಕೂಡ ವಾರಂಟಿ ಮಟ್ಟಕ್ಕೆ ಇಳಿಯುತ್ತೆ ಅಂತ 13ನೇ ಸೆಕ್ಷನ್. ಬೇಡ ಅಂತ ತಿಳಿಸದೆ ಸಾಕಷ್ಟು ಸಮಯ ಇಟ್ಟುಕೊಂಡರೂ ಸ್ವೀಕರಿಸಿದ ಹಾಗೇ ಲೆಕ್ಕ. ಹೊಸ ಫ್ರಿಜ್ ಮೊದಲ ವಾರದಲ್ಲೇ ಸದ್ದು ಮಾಡಿದರೆ "ಆಮೇಲೆ ನೋಡೋಣ" ಅಂತ ಬಿಡಬೇಡಿ ಅನ್ನೋದು ಇದಕ್ಕೇ.

ಅಂಗಡಿ, ಕಂಪನಿ, ಕೊಳ್ಳುವವರು ಅನ್ನೋ ಈ ಮೂರು ಮೂಲೆಯ ಜಗಳದಲ್ಲಿ ಕಾರ್ಡು ಹೇಗೆ ಗೋಡೆಯಾಯಿತು ಅಂತ ನೋಡೋಕೆ ಅಮೆರಿಕಕ್ಕೆ ಹೋಗಬೇಕು. ಕಥೆ ಕಾರಿನದ್ದು. ಆದರೆ ಆ ಕಾರ್ಡಿನ ವಾಕ್ಯಗಳು ನಿಮ್ಮ ಮಿಕ್ಸಿ ಕಾರ್ಡಿನ ಅಣ್ಣತಮ್ಮಂದಿರು.

1955ರ ಮೇ ತಿಂಗಳು, ನ್ಯೂಜೆರ್ಸಿ. ಕ್ಲಾಸ್ ಹೆನ್ನಿಂಗ್‌ಸನ್ ಅನ್ನುವವರು ಮದರ್ಸ್ ಡೇಗೆ ಅಂತ ಹೆಂಡತಿಗೆ ಹೊಸ ಪ್ಲಿಮತ್ ಕಾರು ಕೊಂಡರು. ಕಾರು ಮನೆಗೆ ಬಂದು ಹತ್ತು ದಿನಕ್ಕೆ, ಇನ್ನೂ 500 ಮೈಲಿಯೂ ಓಡಿರಲಿಲ್ಲ, ಹೆಂಡತಿ ಹೆಲೆನ್ ಓಡಿಸುತ್ತಿದ್ದಾಗ ಏನೋ ಮುರಿದ ಶಬ್ದ ಬಂತು. ಸ್ಟೀರಿಂಗ್ ಕೈಯಲ್ಲೇ ತಿರುಗಿ, ಕಾರು ಗೋಡೆಗೆ ಗುದ್ದಿತು. ಆಕೆಗೆ ಪೆಟ್ಟಾಯಿತು. ಕಂಪನಿ ತೋರಿಸಿದ್ದು ಆರ್ಡರ್ ಫಾರ್ಮಿನ ಹಿಂಬದಿ. 90 ದಿನ ಅಥವಾ 4,000 ಮೈಲಿಯ ಒಳಗೆ ಕೆಟ್ಟ ಬಿಡಿಭಾಗವನ್ನು ನೀವೇ ಸಾಗಣೆ ಖರ್ಚು ಹಾಕಿ ಕಾರ್ಖಾನೆಗೆ ಕಳಿಸಿದರೆ ಬದಲಿಸಿ ಕೊಡ್ತೀವಿ. ಇದು ಬಿಟ್ಟು ಬೇರೆ ಯಾವ ಹೊಣೆಯೂ ನಮಗಿಲ್ಲ ಅಂತ ಅಲ್ಲಿತ್ತು.

ಆ ಕೊನೇ ವಾಕ್ಯ ನೋಡಿ. ಮೇಲ್ನೋಟಕ್ಕೆ ಅದು ಭರವಸೆಯ ಕಾಗದ. ಒಳಗೆ ಇರೋದು, ಕಾನೂನು ತಾನಾಗೇ ಕೊಡುತ್ತಿದ್ದ ಹಕ್ಕುಗಳನ್ನೆಲ್ಲ ಕಿತ್ತುಕೊಂಡು ಬದಲಿಗೆ ಒಂದು ಬಿಡಿಭಾಗ ಕೊಡುವ ಲೆಕ್ಕ. ಆಗ ಅಲ್ಲಿನ ದೊಡ್ಡ ಕಾರು ಕಂಪನಿಗಳೆಲ್ಲ ಇದೇ ಒಕ್ಕಣೆಯನ್ನು ಬಳಸುತ್ತಿದ್ದವು. ಬೇಡ ಅಂದರೆ ಹೋಗೋಕೆ ಬೇರೆ ಅಂಗಡಿಯೇ ಇರಲಿಲ್ಲ. 1960ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಆ ವಾಕ್ಯ ನಡೆಯಲ್ಲ ಅಂತು. ಕಾರು ಕೊಂಡಿದ್ದು ಗಂಡ, ಆದರೂ ಹೆಂಡತಿ ಕೇಳಬಹುದು, ಡೀಲರ್ ಜೊತೆ ತಯಾರಕನನ್ನೂ ಹಿಡಿಯಬಹುದು ಅಂತು. ಮುಂದೆ 1975ರಲ್ಲಿ ಅಮೆರಿಕ ವಾರಂಟಿಗೇ ಒಂದು ಕೇಂದ್ರ ಕಾನೂನು ಮಾಡಿತು.

ನಮ್ಮಲ್ಲಿ ಆ ಹೊತ್ತಿಗೆ ಏನಾಗುತ್ತಿತ್ತು? 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂತು, ಅದೇ ವರ್ಷ ದೆಹಲಿಯಲ್ಲಿ ಏಷ್ಯನ್ ಗೇಮ್ಸ್. ಟಿವಿ ಮನೆಮನೆಗೆ ಬರತೊಡಗಿತು. ಕೆಟ್ಟರೆ? ಸಿವಿಲ್ ಕೋರ್ಟು, ವಕೀಲರು, ಸ್ಟ್ಯಾಂಪ್ ಶುಲ್ಕ, ವರ್ಷಗಟ್ಟಲೆ ಅಲೆದಾಟ. ಒಂದು ಟಿವಿಗೋಸ್ಕರ ಯಾರು ಅಷ್ಟು ದೂರ ಹೋಗ್ತಾರೆ? 1984ರಲ್ಲಿ ಎಂಆರ್‌ಟಿಪಿ ಕಾಯ್ದೆಗೆ ತಿದ್ದುಪಡಿಯಾಗಿ, ಸರಿಯಾಗಿ ಪರೀಕ್ಷೆ ಮಾಡದೆ ‘ಇಷ್ಟು ವರ್ಷ ಬಾಳಿಕೆ’ ಅಂತ ವಾರಂಟಿ ಕೊಡೋದು ಅನುಚಿತ ವ್ಯಾಪಾರ ಅಂತಾಯಿತು. 1986ರ ಡಿಸೆಂಬರ್ 24ಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ಜಿಲ್ಲೆಗೊಂದು ವೇದಿಕೆ, ವಕೀಲರು ಬೇಕಿಲ್ಲ, ಆರಂಭದಲ್ಲಿ ಶುಲ್ಕವೂ ಇರಲಿಲ್ಲ. ದೋಷ ಇದ್ದರೆ ಸರಿಮಾಡಿಸು, ಬದಲಿಸಿ ಕೊಡು, ಇಲ್ಲವೇ ದುಡ್ಡು ವಾಪಸ್ ಕೊಡು ಅಂತ ಆದೇಶ ಮಾಡುವ ಅಧಿಕಾರ ಅದಕ್ಕೆ. ಕಾರ್ಡಿನಲ್ಲಿ ಏನೇ ಬರೆದಿರಲಿ, ಈ ಬಾಗಿಲು ಬೇರೆ.

ಹಾಗಂತ ಕಾರ್ಡಿಗೆ ಬೆಲೆ ಇಲ್ಲ ಅಂತಲ್ಲ. 2006ರಲ್ಲಿ ಮಾರುತಿ ಕಾರಿನ ಒಂದು ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಕೆಟ್ಟ ಭಾಗವನ್ನು ರಿಪೇರಿ ಮಾಡ್ತೀವಿ ಅಥವಾ ಬದಲಿಸ್ತೀವಿ ಅಂತ ಇದ್ದಾಗ ಇಡೀ ಕಾರನ್ನೇ ಬದಲಿಸಿ ಅನ್ನೋಕಾಗಲ್ಲ ಅಂತ ತೀರ್ಪು ಕೊಟ್ಟಿತು. ಹಾಗಾಗಿ ಕ್ಲೇಮ್ ಬರೆಯುವಾಗ ನೇರವಾಗಿ ಹೊಸ ಮಷೀನನ್ನೇ ಕೇಳೋದಕ್ಕಿಂತ, ಕಾರ್ಡು ಕೊಟ್ಟ ಮಾತನ್ನೇ ಮೊದಲು ಹಿಡಿದುಕೊಳ್ಳೋದು ಜಾಣತನ ಅಂತ ನನಗನ್ನಿಸುತ್ತೆ.

2019ರ ಹೊಸ ಕಾಯ್ದೆ ಜಾರಿಗೆ ಬಂದಿದ್ದು 2020ರ ಜುಲೈನಲ್ಲಿ. ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ. ಸಮಸ್ಯೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಬಿಲ್ ಕೊಡದೇ ಇರೋದೂ ಈಗ ಅನುಚಿತ ವ್ಯಾಪಾರ. ಅಷ್ಟು ದೂರ ಹೋಗುವ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಿಮ್ಮ ದೂರನ್ನು ಕಂಪನಿಗೆ ದಾಟಿಸುತ್ತೆ.

ಸರಿ, ನಮ್ಮ ಹಲ್ಲಿ. ಡಬ್ಬಿಯಲ್ಲಿ ವಾಷಿಂಗ್ ಮಷೀನಿನ ಕಾರ್ಡು ಸಿಕ್ಕಿತು, ಆದರೆ ಅಂಗಡಿಯ ಸೀಲು ಹಾಕಿರಲಿಲ್ಲ. ಬಿಲ್ಲು ಥರ್ಮಲ್ ಪೇಪರಿನದ್ದು, ಹನ್ನೊಂದು ತಿಂಗಳಲ್ಲಿ ಬೆಳ್ಳಗಾಗಿ ಹೋಗಿತ್ತು. (ದಯವಿಟ್ಟು ಈಗಲೇ ಎಪಿಸೋಡ್ ಪಾಸ್ ಮಾಡಿ, ನಿಮ್ಮ ಬಿಲ್ಲುಗಳ ಫೋಟೋ ತೆಗೆದಿಟ್ಟುಕೊಂಡು ಬನ್ನಿ. ಕಾಯ್ತೀನಿ.) ಅದೃಷ್ಟಕ್ಕೆ ಅಂಗಡಿಯವರ ಕಂಪ್ಯೂಟರಿನಲ್ಲಿ ಇತ್ತು, ಇನ್ನೊಂದು ಪ್ರತಿ ತೆಗೆದು ಸೀಲು ಹಾಕಿ ಕೊಟ್ಟರು.

ಆಮೇಲೆ ಕಂಪನಿಗೆ ಇಮೇಲ್ ಬರೆದೆ. ಜಗಳ ಮಾಡಲಿಲ್ಲ. ಬಿಲ್ಲು, ಮಷೀನಿನ ಹಿಂದಿನ ಸೀರಿಯಲ್ ನಂಬರ್ ಸ್ಟಿಕರ್ ಮತ್ತು ಹುಡುಗ ಬರೆದುಕೊಟ್ಟಿದ್ದ ಜಾಬ್ ಶೀಟ್, ಮೂರರ ಫೋಟೋ ಹಾಕಿದೆ. ಜಾಬ್ ಶೀಟಿನಲ್ಲಿ ‘ಬೋರ್ಡ್ ಫಾಲ್ಟ್’ ಅಂತ ಮಾತ್ರ ಇತ್ತು, ಹಲ್ಲಿಯ ಹೆಸರೇ ಇರಲಿಲ್ಲ. ಎರಡೇ ಪ್ರಶ್ನೆ ಕೇಳಿದೆ: ಹಲ್ಲಿಯಿಂದ ಕೆಟ್ಟಿದೆ ಅನ್ನೋಕೆ ನಿಮ್ಮ ಹತ್ತಿರ ಯಾವ ಫೋಟೋ ಇದೆ? ವಾರಂಟಿ ಕೊಡಲ್ಲ ಅಂತಾದರೆ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ತಿಳಿಸ್ತೀರಾ? ಬಾಯಲ್ಲಿ ‘ಆಗಲ್ಲ’ ಅನ್ನೋದು ಸುಲಭ. ಸಹಿ ಹಾಕಿ ‘ಆಗಲ್ಲ’ ಅಂತ ಬರೆದು ಕೊಡೋಕೆ ಯಾರಾದರೊಬ್ಬರು ಕಾರ್ಡನ್ನು ಪೂರ್ತಿ ಓದಲೇಬೇಕು.

ಎಂಟು ದಿನ ಉತ್ತರ ಇಲ್ಲ. ಅಮ್ಮ ಬಾವಿಕಟ್ಟೆ ಹತ್ತಿರ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು, ಮೊದಲೇ ಮಂಡಿನೋವು. "ಹೋಗ್ಲಿ ಬಿಡೋ, ದುಡ್ಡು ಕೊಟ್ಟುಬಿಡೋಣ" ಅಂತ ಎರಡು ಸಲ ಫೋನ್ ಮಾಡಿದರು. ನನಗೂ ಸಾಕಾಗಿತ್ತು, ಸುಳ್ಳು ಹೇಳಲ್ಲ. ಒಂಬತ್ತನೇ ದಿನ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ನಾಲ್ಕು ದಿನ ಬಿಟ್ಟು ಅದೇ ಹುಡುಗ ಹೊಸ ಬೋರ್ಡ್ ಹಿಡಿದು ತಿಪಟೂರಿನ ಮನೆ ಮುಂದೆ ನಿಂತಿದ್ದ. ಹಾಕಿ ಮುಗಿಸಿ, "ಆಂಟಿ, ಕಂಪನಿಯವರು ನಿಮಗೆ ಸ್ಪೆಷಲ್ ಕೇಸ್ ಅಂತ ಫ್ರೀ ಮಾಡಿದ್ದಾರೆ" ಅಂದನಂತೆ.

ಅಮ್ಮ ಕಾಫಿ ಲೋಟ ಅವನ ಮುಂದಿಟ್ಟು ಹೇಳಿದರಂತೆ: "ಆಯ್ತಪ್ಪ. ‘ವಾರಂಟಿ’ ಅಂತ ಶೀಟಲ್ಲಿ ಬರೆದು ಸಹಿ ಹಾಕು, ಆಮೇಲೆ ಕಾಫಿ ಕುಡಿ."

ಆ ಜಾಬ್ ಶೀಟ್ ಈಗ ಬಿಸ್ಕತ್ ಡಬ್ಬಿಯಲ್ಲಿ, ಎಚ್‌ಎಂಟಿ ಕಾರ್ಡಿನ ಮೇಲೆ ಇದೆ.